ಟೈಮಣ್ಣನ ಮೂರನೆಯ ಕೆಂಪು

ಡಿಪೊದಲ್ಲಿ ಎಲ್ಲರೂ ಅವನನ್ನು ಟೈಮಣ್ಣ ಎನ್ನುತ್ತಿದ್ದರು. ಇಪ್ಪತ್ತೊಂಬತ್ತು ವರ್ಷದಿಂದ ಬಸ್ಸು ಓಡಿಸುತ್ತಿದ್ದವನು. ಐದು ನಲವತ್ತಕ್ಕೆ ಬರಬೇಕಾದ ಬಸ್ಸು ಐದು ನಲವತ್ತಕ್ಕೇ ಬರುತ್ತಿತ್ತು. ಜನ ತನ್ನ ಬಸ್ಸು ನೋಡಿ ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ಅವನೇ ಹೇಳಿಕೊಂಡು ತಿರುಗುತ್ತಿದ್ದ. ಅಂಥವನ ಕೈಗೆ ಕಂಪನಿಯವರು ಬೇರೊಂದು ಗಡಿಯಾರ ಕಟ್ಟಿದ್ದು ಅವನ ಗ್ರಹಚಾರ.

ಅದು ಎದೆಬಡಿತ ಅಳೆಯುವ ಗಡಿಯಾರ. ಚಾಲಕರೆಲ್ಲ ಕಟ್ಟಿಕೊಂಡು ಮಲಗಬೇಕು, ಬೆಳಿಗ್ಗೆ ಡ್ಯೂಟಿಗೆ ಮೊದಲು ಡಿಪೊ ನರ್ಸಮ್ಮನ ಮೇಜಿನ ಮೇಲಿದ್ದ ಯಂತ್ರಕ್ಕೆ ತೋರಿಸಬೇಕು. ಹಸಿರು ಬಂದರೆ ಸ್ಟೇರಿಂಗು, ಕೆಂಪು ಬಂದರೆ ಆ ದಿನ ಬೆಂಚು. ಮೂರು ಕೆಂಪು ಬಿದ್ದರೆ ನಿವೃತ್ತಿಯವರೆಗೂ ಗೇಟಿನಲ್ಲಿ ಕೂತು ಬಸ್ಸುಗಳ ನಂಬರು ಬರೆದುಕೊಳ್ಳುವ ಕೆಲಸ. ಟೈಮಣ್ಣನ ನಿವೃತ್ತಿಗೆ ಎಂಟು ತಿಂಗಳಿತ್ತು. ಎರಡು ಕೆಂಪು ಆಗಲೇ ಬಿದ್ದಿದ್ದವು.

"ನನ್ನೆದೆ ಸರಿಯಾಗೇ ಹೊಡ್ಕೊಳ್ತಿದೆಯಲ್ಲಮ್ಮ, ಒಂಚೂರೂ ಹಿಂದೆ ಮುಂದೆ ಇಲ್ಲ," ಎಂದು ಎರಡನೆಯ ಕೆಂಪು ಬಿದ್ದ ದಿನ ಅವನು ವಾದಕ್ಕೆ ನಿಂತ.

"ಅದೇ ತೊಂದ್ರೆ ಅಣ್ಣ," ಎಂದಳು ನರ್ಸಮ್ಮ. "ಒಂದು ಬಡಿತಕ್ಕೂ ಇನ್ನೊಂದಕ್ಕೂ ಮಧ್ಯ ಇರೋ ಅಂತರ ಸ್ವಲ್ಪ ಹೆಚ್ಚುಕಮ್ಮಿ ಆಗ್ತಿರ್ಬೇಕು. ದಣಿದಿದ್ರೆ ಒಂದೇ ಸಮ ಹೊಡ್ಕೊಳ್ಳುತ್ತೆ. ಆ ಹೆಚ್ಚುಕಮ್ಮಿ ನಿಮ್ಮದು ಯಾವಾಗ್ಲೂ ಮೂವತ್ತರ ಹತ್ರ ಇರೋದು, ಇವತ್ತು ಹತ್ತೊಂಬತ್ತಕ್ಕೆ ಇಳಿದಿದೆ. ಇದು ಅಂದಾಜು ಅಷ್ಟೇ, ಕಾಯಿಲೆ ಅಂತಲ್ಲ."

ನಿಮಿಷ ತಪ್ಪದ್ದಕ್ಕೇ ಜೀವನಪೂರ್ತಿ ಶಭಾಷ್ ಎನ್ನಿಸಿಕೊಂಡವನಿಗೆ ಈ ಮಾತು ತಲೆಗೆ ಹೋಗುವುದಾದರೂ ಹೇಗೆ? ಅವನಿಗೆ ಸುಸ್ತಾಗಿತ್ತು ಎಂಬುದು ನಿಜ. ಮೆಟ್ಟಿಲು ಹತ್ತಿದರೆ ಮೊಣಕಾಲು ನೋಯುತ್ತಿತ್ತು, ಊಟಕ್ಕೆ ಕೂತರೆ ತಟ್ಟೆಯ ಮುಂದೆಯೇ ಕಣ್ಣು ಮುಚ್ಚುತ್ತಿತ್ತು. ಆದರೂ ಸ್ಟೇರಿಂಗು ಬಿಟ್ಟರೆ ತಾನು ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ. ನಿವೃತ್ತಿಯ ದಿನ ಬಸ್ಸಿನ ಸೀಟಿನಿಂದಲೇ ಇಳಿದು ಮನೆಗೆ ಹೋಗಬೇಕು ಎಂಬುದೊಂದೇ ಅವನ ಆಸೆ.

ಆ ಸಂಜೆ ಅವನು ಗಡಿಯಾರವನ್ನು ಹೆಂಡತಿಯ ಕೈಗೆ ಕಟ್ಟಿದ. ಮನೆಯಲ್ಲೇ ಇರುವವಳು, ಯಾವ ಬಸ್ಸೂ ಓಡಿಸದವಳು, ಅವಳದ್ದು ಹಸಿರಲ್ಲದೆ ಇನ್ನೇನು ಬಂದೀತು ಎಂಬುದು ಅವನ ಬುದ್ಧಿವಂತಿಕೆ.

"ಇದ್ಯಾಕ್ರೀ ನಂಗೆ?"

"ಸುಮ್ನೆ ಕಟ್ಕೊಂಡು ಮಲ್ಕೋ. ಬೆಳಿಗ್ಗೆ ಬಿಚ್ಕೊಳ್ತೀನಿ."

ಅವಳು ಅತ್ತೆಯ ಕೋಣೆಯಲ್ಲಿ ಮಲಗುತ್ತಿದ್ದಳು. ಬೆಳಗಿನ ಬಸ್ಸಿನವನ ನಿದ್ದೆ ಕೆಡಬಾರದೆಂದು ಇವನು ಆಚೆ ಹಾಲ್‌ನಲ್ಲಿ, ಬಾಗಿಲು ಹಾಕಿಕೊಂಡು. ಆರು ತಿಂಗಳಿಂದ ಹಾಗೇ.

ಬೆಳಿಗ್ಗೆ ಯಂತ್ರ ಕೆಂಪಾಯಿತು. ನರ್ಸಮ್ಮ ಪರದೆಯ ಹತ್ತಿರಕ್ಕೆ ಬಗ್ಗಿದಳು.

"ಹನ್ನೊಂದು! ಏನಣ್ಣ ಇದು? ರಾತ್ರಿ ಹತ್ತಕ್ಕೆ ಎದ್ದಿದ್ದೀರಿ, ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ. ಟೈಮ್ ಟೇಬಲ್ ಹಾಕ್ಕೊಂಡು ಎದ್ದಂಗಿದೆ."

ಟೈಮಣ್ಣ ಕುರ್ಚಿಯ ಬೆನ್ನು ಹಿಡಿದುಕೊಂಡ. ಟೈಮ್ ಟೇಬಲ್ ಹಾಕಿದವನು ಅವನೇ. ಹಾಸಿಗೆ ಹಿಡಿದ ಅಮ್ಮನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನು ಹುಣ್ಣಾಗುತ್ತದೆ ಎಂದು ಡಾಕ್ಟರು ಹೇಳಿದಾಗ, ಅಳತೆಪಟ್ಟಿ ಇಟ್ಟು ಗೆರೆ ಎಳೆದು, ಅಂದವಾಗಿ ಬರೆದು ಗೋಡೆಗೆ ಅಂಟಿಸಿದ್ದ. ಅಮ್ಮನ ಬೆನ್ನಿನಲ್ಲಿ ಇವತ್ತಿಗೂ ಒಂದು ಗುಳ್ಳೆ ಇಲ್ಲ ಎಂದು ಡಿಪೊದಲ್ಲಿ ಜಂಬ ಕೊಚ್ಚಿಕೊಂಡಿದ್ದ. ಆ ಬಸ್ಸು ಓಡಿಸುತ್ತಿರುವುದು ಯಾರು ಎಂದು ಒಂದು ದಿನವೂ ಕೇಳಿರಲಿಲ್ಲ.

ಅವನ ಮುಖ ನೋಡಿ ನರ್ಸಮ್ಮನಿಗೆ ಪಾಪ ಅನ್ನಿಸಿತು. "ಗಡಿಯಾರದ ಪಟ್ಟಿ ಸಡಿಲ ಇದ್ರೂ ತಪ್ಪು ತೋರಿಸುತ್ತೆ ಅಣ್ಣ. ಇದನ್ನ ಬಿಟ್ಬಿಡ್ತೀನಿ, ನಾಳೆ ಇನ್ನೊಂದ್ಸಲ ನೋಡೋಣ."

"ಬೇಡಮ್ಮ. ಸರಿಯಾಗೇ ತೋರಿಸಿದೆ. ಕೆಂಪೇ ಬರ್ಕೊಳ್ಳಿ."

ಹತ್ತು ಗಂಟೆಗೆ ಮನೆಗೆ ಬಂದಾಗ ಹೆಂಡತಿ ಅಮ್ಮನ ಬೆನ್ನಿಗೆ ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಹಾಸಿಗೆಯ ಬಟ್ಟೆ ಎಳೆಯುತ್ತಿದ್ದಳು.

"ಏನ್ರೀ, ಇಷ್ಟು ಬೇಗ?"

"ಕೆಂಪು ಬಂತು."

ಅವಳ ಕೈ ನಿಂತಿತು. "ಅಯ್ಯೋ, ನನ್ನಿಂದ ನಿಮ್ಮ ಕೆಲ್ಸ ಕೆಡ್ತಾ? ಮೊದ್ಲೇ ಹೇಳ್ಬಾರ್ದಿತ್ತಾ? ಹೇಗಾದ್ರೂ ಸ್ವಲ್ಪ ಸರಿಯಾಗಿ ಮಲಗ್ತಿದ್ದೆ."

ಅವನಿಗೆ ನಾಚಿಕೆಯಾಯಿತು. ಮಂಚದ ಆ ಬದಿಗೆ ಹೋಗಿ ಅಮ್ಮನ ಹೆಗಲ ಕೆಳಗೆ ಕೈ ಹಾಕಿದ. ಎಷ್ಟು ಎತ್ತಬೇಕು ಎಂಬುದು ತಿಳಿಯಲಿಲ್ಲ, ಅವಳೇ ತೋರಿಸಿಕೊಟ್ಟಳು.

"ಇವತ್ತಿಂದ ರಾತ್ರಿ ಪಾಳಿ ನಂದು," ಎಂದ.

"ಬೆಳಿಗ್ಗೆ ಡ್ಯೂಟಿಗೆ ಹೋಗೋರು ನೀವು."

"ಇನ್ಮೇಲೆ ಗೇಟು. ಅಲ್ಲಿ ತೂಕಡಿಸಿದ್ರೆ ಯಾರ ಪ್ರಾಣಾನೂ ಹೋಗಲ್ಲ."

ಅವಳು ಇನ್ನೇನೋ ಹೇಳಲು ಹೊರಟವಳು ಗೋಡೆಗೊರಗಿ ನೆಲದ ಮೇಲೆ ಕೂತಳು. ಅವನು ಬಟ್ಟೆಯ ಸುಕ್ಕು ತೆಗೆದು ತಿರುಗುವಷ್ಟರಲ್ಲಿ, ಕೂತಲ್ಲೇ ನಿದ್ದೆ ಹೋಗಿದ್ದಳು.