ತೊಟ್ಟಿಲ ನಾಲ್ಕನೇ ಕಾಲು

ಸಿಂದಗಿಯ ನಮ್ಮ ಓಣಿಯಲ್ಲಿ ಲೇಥ್ ಕಾಂತುವಿನ ಮನೆಯನ್ನು ಯಾರು ಬೇಕಾದರೂ ತೋರಿಸುತ್ತಾರೆ. ಮೂಲ ಊರು ಯಂಕಂಚಿ. ಹದಿನೈದಕ್ಕೇ ಸೊಲ್ಲಾಪುರದ ಲೇಥ್ ಯಂತ್ರದ ವರ್ಕ್‌ಶಾಪ್ ಸೇರಿ, ನಲವತ್ತು ದಾಟಿದ ಮೇಲೆ ಮರಳಿ ಇಲ್ಲಿ ನೆಲೆಸಿದವನು. ೨೦೦೬ರಲ್ಲಿ ಎಮ್ಮೆ ಕಟ್ಟುವ ಜಾಗದಲ್ಲಿ ಹಳೇ ಕಂಪ್ಯೂಟರಿಗೆ ಗುಜರಿ ಕಬ್ಬಿಣ ಜೋಡಿಸಿ, ಕಟ್ಟಿಗೆ ಕೆತ್ತುವ ಯಂತ್ರವೊಂದನ್ನು ಮಾಡಿಕೊಂಡ. ಎಮ್ಮೆಗೆ ಅಂಗಳವೇ ಗತಿಯಾಯಿತು. ಪಕ್ಕದ ಮನೆಯವನಾದ ನಾನು ನಗುವವರಲ್ಲಿ ಮೊದಲಿಗ.

ಆ ಶ್ರಾವಣದಲ್ಲಿ ಅವನ ಮಗಳು ಕಾವೇರಿ ಹೆತ್ತಳು. ಬರುವ ಸೋಮವಾರ ಕೂಸನ್ನು ಮನೆಯ ಹಳೇ ತೊಟ್ಟಿಲಿಗೇ ಹಾಕಬೇಕೆಂದು ಕಾಂತುವಿನ ತಾಯಿ ರಾಮವ್ವ ಹಟ ಹಿಡಿದಳು. ಅದರ ಒಂದು ಕಾಲನ್ನು ಗೆದ್ದಲು ತಿಂದಿತ್ತು. ಉಳಿದ ಮೂರಕ್ಕೂ ಸುತ್ತ ಹೂಬಳ್ಳಿಯ ಕೆತ್ತನೆ. ಬಡಿಗೇರನನ್ನು ಕರೆ ಎಂದೆ, ಕಾಂತು ಕೇಳಲಿಲ್ಲ. ಯಂತ್ರಕ್ಕೆ ಹಲಗೆ ಕೆತ್ತಲು ಬರುತ್ತಿತ್ತು, ದುಂಡು ಕಾಲು ಬರುತ್ತಿರಲಿಲ್ಲ. ಕಾಲನ್ನು ಹಿಡಿದು ತಿರುಗಿಸುವ ಸಾಧನವನ್ನು ತಾನೇ ಕಟ್ಟಿದ. ಅದನ್ನು ತಿರುಗಿಸುವುದು ಒಂದು ಹಲ್ಲಿನ ಗಾಲಿ. ಹಲ್ಲು ಎಷ್ಟೆಂದು ಕಂಪ್ಯೂಟರಿಗೆ ಹೇಳಬೇಕು. ತಾನು ವೈರು ಜೋಡಿಸುತ್ತ, ಗಾಲಿಯನ್ನು ರಾಮವ್ವನ ಉಡಿಗೆ ಹಾಕಿ ಎಣಿಸಲು ಹೇಳಿದ. ನಲವತ್ತು ವರ್ಷ ಸಂತೆಯಲ್ಲಿ ಜೋಳ ಅಳೆದವಳು. ಬೆರಳಾಡಿಸಿ ಎಣಿಸಿ ಅರವತ್ತು ಎಂದಳು.

ಮೊದಲು ಜಾಲಿ ತುಂಡಿನ ಮೇಲೆ ಕೆತ್ತಿ ನೋಡಿದ. ಬಳ್ಳಿ ಒಂದು ಸುತ್ತು ಬಂದು, ಹೊರಟಲ್ಲಿ ಕೂಡದೆ, ಜೋಳದ ಕಾಳಿನಷ್ಟು ಮುಂದೆ ಹೋಯಿತು. ಮೋಟಾರು ಬಿಚ್ಚಿದ, ನಟ್ಟು ಬಿಗಿದ, ವೈರು ಬದಲಿಸಿದ. ಮೂರು ದಿನವಾದರೂ ಅದೇ ತಪ್ಪು. ಸಾಗವಾನಿ ಇದ್ದದ್ದು ಒಂದೇ ತುಂಡು. ರವಿವಾರ ಬೆಳಿಗ್ಗೆ, ಪೇಟೆಯಿಂದ ಕಬ್ಬಿಣದ ತೊಟ್ಟಿಲು ತರಲೇ ಎಂದು ಕೇಳಿದೆ. ರಾಮವ್ವ ಎದ್ದು ಒಳಗೆ ಹೋದಳು. ಯಾಕಾದರೂ ಕೇಳಿದೆನೋ ಎನಿಸಿತು.

ಎಲ್ಲ ಬದಲಿಸಿಯಾಗಿತ್ತು, ನೋಡದೆ ಉಳಿದದ್ದು ಹಲ್ಲಿನ ಎಣಿಕೆಯೊಂದೇ. ಕಾಂತು ಹಿಂದೆಯೇ ಹೋಗಿ ತಾಯಿಯ ಮುಂದೆ ಕೂತ. ಕಂಪ್ಯೂಟರಿಗೆ ಅರವತ್ತೊಂದು ಎಂದು ಕೊಟ್ಟಿದ್ದೇನೆ ಎಂದ. ಅವಳು "ಲಾಭ" ಎಂದು ಎಣಿಕೆ ಶುರು ಮಾಡಿದ್ದಷ್ಟೇ ಅವನ ಕಿವಿಗೆ ಬಿದ್ದಿತ್ತು. ಮೊದಲ ಹಲ್ಲನ್ನು ಲೆಕ್ಕಕ್ಕೆ ಹಿಡಿಯದೆ ದೇವರಿಗೆ ಬಿಟ್ಟಳೆಂದು ತಿಳಿದು, ತಾನೇ ಒಂದು ಕೂಡಿಸಿದ್ದ.

"ಕಾಳು ಅಳೆಯುವಾಗ ಒಂದು ಅನ್ನೂದಿಲ್ಲ, ಲಾಭ ಅಂತೇವಿ. ಮುಂದಿಂದು ಎರಡು," ಎಂದಳು ರಾಮವ್ವ. "ನನ್ನ ಒಂದ ಮಾತು ಕೇಳಬೇಕಿತ್ತಿಲ್ಲೋ."

ನಾಚಿಕೆಯಿಂದ ಅವನು ತಲೆ ಎತ್ತಲಿಲ್ಲ. ಎದ್ದು ಹೋಗಿ ಅರವತ್ತು ಮಾಡಿದ, ಸಾಗವಾನಿ ಏರಿಸಿದ. ಸಂಜೆಯೊಳಗೆ ಕಾಲು ತಯಾರಾಯಿತು. ರಾಮವ್ವ ಹೆಬ್ಬೆರಳನ್ನು ಬಳ್ಳಿಯ ಗುಂಟ ಒಯ್ದಳು, ಒಂದು ಸುತ್ತು, ಮತ್ತೊಂದು ಸುತ್ತು.

"ಎಲ್ಲಿಂದ ಚಾಲೂ ಮಾಡಿದ್ಯೋ ತಮ್ಮಾ?"

ಕಾಂತು ಬಗ್ಗಿ ಹುಡುಕಿದ. ಅವನಿಗೂ ಸಿಗಲಿಲ್ಲ.

"ಹಂಗಾರ ನಾಳಿ ಕೂಸು ಇದರಾಗ ಮಲಗಲಿ," ಎಂದಳು.