ಮಿರಿನೆಯ ಕೆಳದುಟಿ

ಲಿಕೋನ್ ಕೂತಿದ್ದನ್ನು ರೋಮನ್ನರ ಪುತಿಯೋಲಿ ಬಂದರಿನಲ್ಲಿ ಯಾರೂ ನೋಡಿರಲಿಲ್ಲ. ಊಟವೂ ನಿಂತೇ, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದರಲ್ಲಿ ಆಲಿವ್, ಬೀಜ ಉಗಿಯುವುದು ಬಾಗಿಲಾಚೆಗೆ. ಹೆಂಡತಿ ಮಿರಿನೆ ತೀರಿಕೊಂಡ ಮೇಲಂತೂ ಅವನ ಚಪ್ಪಲಿ ಅವನ ಉಳಿಗಿಂತ ಬೇಗ ಸವೆಯತೊಡಗಿತು.

ನಮ್ಮ ಶಿಲ್ಪದಂಗಡಿಯಲ್ಲಿ ಮೈ ಬೇರೆ, ತಲೆ ಬೇರೆ. ಮೈಗಳನ್ನು ಮೊದಲೇ ಕಡೆದು ಸಾಲಾಗಿ ನಿಲ್ಲಿಸಿರುತ್ತೇವೆ, ಕುತ್ತಿಗೆಯಲ್ಲೊಂದು ಗುಳಿ. ಗಿರಾಕಿ ಬಂದಾಗ ಅವನ ತಲೆ ಕಡೆದು ಕೂರಿಸುತ್ತೇವೆ. ಹೀಗಾಗಿ ಊರಿನ ಬೊಕ್ಕತಲೆಯ ವ್ಯಾಪಾರಿಗಳೆಲ್ಲ ಓಟಗಾರರ ತೊಡೆಗಳ ಮೇಲೆ ನಿಂತಿದ್ದಾರೆ. ಮೈ ಕಡೆಯುವವನು ಲಿಕೋನ್, ಪಾರೋಸ್ ದ್ವೀಪದ ಗ್ರೀಕ. ತಲೆ ಕಡೆಯುವವನು ರೋಮಿನವನು. ಉಜ್ಜಿ ನುಣುಪು ಮಾಡುವವನು ನಾನು. ನನಗೆ ತಲೆಯೂ ಇಲ್ಲ, ತಲೆನೋವೂ ಇಲ್ಲ.

ಲಿಕೋನನಿಗೆ ಎರಡು ಸಂಕಟಗಳಿದ್ದವು. ಒಂದು, ಬೊಡ್ಡೆ. ಅವನ ಹಿರಿಯರು ಕಂಚಿನಲ್ಲಿ ಎರಕ ಹೊಯ್ದ ಓಟಗಾರರು ಒಂಟಿಕಾಲಲ್ಲೂ ನಿಲ್ಲುತ್ತಿದ್ದರು. ಅದನ್ನೇ ನಾವು ಅಮೃತಶಿಲೆಯಲ್ಲಿ ಕಡೆದರೆ ಕಣಕಾಲು ಮುರಿಯುತ್ತದೆ. ಅದಕ್ಕೆ ಕಾಲಿನ ಪಕ್ಕ ಕಲ್ಲಿನದೇ ಒಂದು ಮರದ ಬೊಡ್ಡೆ ಬಿಡಬೇಕು. "ಓಡೋನನ್ನ ಮರಕ್ಕೆ ಕಟ್ಟಿದೀವಿ ನೋಡು" ಎಂದು ದಿನವೂ ಗೊಣಗುತ್ತಿದ್ದ. ಎರಡನೆಯದನ್ನು ಮಾತ್ರ ಗೊಣಗುತ್ತಿರಲಿಲ್ಲ. ಫೆಬ್ರವರಿಯಲ್ಲಿ ಸತ್ತವರಿಗೆ ಎಡೆಯಿಡುವ ದಿನಗಳೊಳಗೆ ಮಿರಿನೆಯ ಗೋರಿಗೆ ಅವಳ ಮುಖ ಕಡೆಯಬೇಕೆಂದು ಪಾರೋಸಿನ ಕಲ್ಲೊಂದನ್ನು ಮೂಲೆಯಲ್ಲಿಟ್ಟುಕೊಂಡಿದ್ದ. ಎಷ್ಟು ಬಾರಿ ಉಳಿ ಹಿಡಿದರೂ ಹೊರಬರುತ್ತಿದ್ದುದು ಹಿರಿಯರಿಂದ ಕಲಿತ ಅದೇ ದೇವತೆ: ನೇರ ಮೂಗು, ಯಾರನ್ನೂ ನೋಡದ ಕಣ್ಣು. ಅವಳು ಸತ್ತ ದಿನ ಮುಖದ ಅಚ್ಚು ತೆಗೆಯಲು ಬಂದವನನ್ನು, ಹೆಣದ ಮುಖ ಮುಖವೇ ಅಲ್ಲ ಎಂದು ಬೈದು ಅಟ್ಟಿದ್ದ. ಈಗ ಮಿರಿನೆಯ ಮುಖ ಅವನಿಗೆ ನೆನಪಾಗುತ್ತಿರಲಿಲ್ಲ.

ಜನವರಿಯಲ್ಲಿ ತಲೆ ಕಡೆಯುವವನಿಗೆ ಕಣ್ಣುಬೇನೆ ಬಂತು. ಆ ವಾರವೇ ಅಡುಗೆಗೆ ಬಳಸುವ ಮೀನಿನ ರಸ ಮಾರುವ ವಿಬಿಡಿಯಾ, ತೀರಿಹೋದ ಗಂಡನ ತಲೆ ಮಾಡಿಸಲೆಂದು ಅವನ ಮುಖದ ಗಚ್ಚಿನ ಅಚ್ಚನ್ನು ಕಂಕುಳಲ್ಲಿಟ್ಟುಕೊಂಡು ಬಂದಳು. ಕೆಲಸ ಲಿಕೋನನ ಪಾಲಿಗೆ ಬಿತ್ತು. ಅವನು ಗೌರವದಿಂದಲೇ ಗಲ್ಲದ ಜೋಲು ಎತ್ತಿ, ಮೂಗು ನೆಟ್ಟಗೆ ಮಾಡಿ, ಹಣೆಯ ಗೆರೆಗಳನ್ನು ಅಳಿಸಿಹಾಕಿದ. ವಿಬಿಡಿಯಾ ಬಂದು ತಲೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಚೆನ್ನಾಗಿದಾನೆ. ಯಾರಪ್ಪ ಇವನು?"

"ನಿಮ್ಮ ಯಜಮಾನ್ರು, ತಾಯಿ."

"ಇಷ್ಟು ಚೆಂದದವನ ಜೊತೆ ನಾನು ಬಾಳೇ ಇಲ್ಲ. ಮೊಮ್ಮಕ್ಕಳು ಇವನಿಗೆ ಹೂವಿಡ್ತಾವಾ? ಯಾರೋ ಅಂದ್ಕೊಂಡು ದಾರಿ ಕೇಳಿ ಹೋಗ್ತಾವೆ ಅಷ್ಟೆ."

ಸುಕ್ಕು ವಯಸ್ಸಿನದು, ಮನುಷ್ಯನದಲ್ಲ. ಅದನ್ನು ಕಳೆದ ಮೇಲೆ ಉಳಿಯುವುದೇ ನಿಜವಾದ ಮುಖ ಎಂದು ಲಿಕೋನ್ ಶತಪಥ ಹಾಕುತ್ತಲೇ ವಾದಿಸಿದ. ವಿಬಿಡಿಯಾ ಅಚ್ಚನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕಳೆದರೆ ಉಳಿಯುವುದು ನಿಮ್ಮ ದೇವರು, ನನ್ನ ಗಂಡನಲ್ಲ ಎಂದಳು. ಈ ಸುಕ್ಕು ಅವನು ದುಡಿದು ಗಳಿಸಿದ್ದು. ಈ ನರಹುಲಿ ಅವನಪ್ಪನದು, ಈಗ ಮಗನ ಮುಖದಲ್ಲೂ ಇದೆ. ಹಳಸಿದ ರಸವನ್ನು ತಾಜಾ ಎನ್ನುವಾಗ ಅವನ ಎಡಹುಬ್ಬು ಏರುತ್ತಿತ್ತು. ಅದು ಅಚ್ಚಿನಲ್ಲಿಲ್ಲ, ಬರೆದುಕೋ ಎಂದಳು.

ಲಿಕೋನ್ ಮುಖ ಗಂಟಿಕ್ಕಿಕೊಂಡು ಹೊಸ ಕಲ್ಲಿನಲ್ಲಿ ನರಹುಲಿಯಿಂದಲೇ ಶುರುಮಾಡಿದ. ಕಲ್ಲಿನಲ್ಲಿ ಹುಬ್ಬು ಏರಿದ ದಿನ ವಿಬಿಡಿಯಾ ಬಂದು ನೋಡಿ, "ಸುಳ್ಳ" ಎಂದು ಮೆಲ್ಲಗೆ ಕಲ್ಲಿನ ಕೆನ್ನೆ ಸವರಿದಳು. ಆ ತಲೆಯನ್ನು ಲಿಕೋನನ ಓಟಗಾರನ ಮೈಮೇಲೆ ಕೂರಿಸಿದೆವು. ಈ ವಯಸ್ಸಿಗೆ ಬೊಡ್ಡೆ ಇದ್ದದ್ದೇ ಒಳ್ಳೆಯದಾಯಿತು ಎಂದು ನಾನಂದೆ. ಲಿಕೋನ್ ಅಷ್ಟರಲ್ಲಿ ಹೊರಟವಳಿಗೆ ಅಡ್ಡ ಬಂದು ಬಾಗಿಲಲ್ಲಿ ನಿಂತಿದ್ದ.

"ಮಿರಿನೆ ನಿಮ್ಮಂಗಡಿಗೆ ಬರ್ತಿದ್ದಳಲ್ಲ, ತಾಯಿ. ಹೇಗಿದ್ದಳು?"

ಗಂಡನಾದವನು ಕೇಳುವ ಪ್ರಶ್ನೆಯಲ್ಲ. ಆದರೂ ವಿಬಿಡಿಯಾ ಅಣಕಿಸಲಿಲ್ಲ.

"ಒಂದು ಗಡಿಗೆ ರಸಕ್ಕೆ ಅರ್ಧ ದಿನ ಚೌಕಾಸಿ ಮಾಡೋಳು. ಕೆಳದುಟಿ ಹಿಂಗೆ ಬಲಗಡೆ ಕಚ್ಚಿಕೊಂಡು. ಕಿವಿ ಒಂದು ಮೇಲೆ, ಒಂದು ಕೆಳಗೆ. ನೀನು ನೋಡೇ ಇಲ್ವೇನಪ್ಪ?"

ಅವನು ಮೂಲೆಯ ಕಲ್ಲನ್ನು ಬೆಳಕಿಗೆಳೆದು ದೇವತೆಯ ತುಟಿಯ ಬಲಗಡೆಗೆ ಉಳಿಯಿಟ್ಟ. ಒಂಬತ್ತು ದಿನ ಉಳಿ ಕೆಳಗಿಡಲಿಲ್ಲ. ನಾನು ಉಜ್ಜಲು ಹೋದಾಗ ಮಣಿಕಟ್ಟು ಹಿಡಿದು, ತುಟಿ ಮುಟ್ಟಬೇಡ ಎಂದ.

ಎಡೆಯಿಡುವ ದಿನ ಗೋರಿಗಳ ಬೀದಿಗೆ ಎಲ್ಲರೂ ವೈನಿನಲ್ಲಿ ನೆನೆಸಿದ ರೊಟ್ಟಿ, ನೇರಳೆ ಹೂವು ಹಿಡಿದು ಬಂದಿದ್ದರು. ಲಿಕೋನನ ಊರಿನ ಎಣ್ಣೆ ವ್ಯಾಪಾರಿಯೊಬ್ಬ ಗೋರಿಯ ಮೇಲಿನ ಮಿರಿನೆಯ ಮುಖ ನೋಡಿ, ಪಾರೋಸಿನಲ್ಲಿ ಇದನ್ನು ಕಲೆ ಎನ್ನುವುದಿಲ್ಲ, ಇವಳು ಈಗಲೇ ಜಗಳಕ್ಕೆ ಬರುವ ಹಾಗಿದ್ದಾಳೆ ಎಂದ. ಲಿಕೋನನಿಗೆ ಕೇಳಿಸಿತೋ ಇಲ್ಲವೋ. ಅವನು ಕಲ್ಲಿನ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಓಡಾಡುತ್ತಿದ್ದ.

ಪಕ್ಕದ ಗೋರಿಯಿಂದ ವಿಬಿಡಿಯಾ, ಸಾಕು ಕೂತ್ಕೋ, ಕಿವಿ ಸರಿಯಾಗೇ ಇದೆ ಎಂದಳು.

"ಇಲ್ಲ ತಾಯಿ, ಇನ್ನೊಂಚೂರು ಮೇಲಿತ್ತು" ಎಂದು ಲಿಕೋನ್ ಸೊಂಟದಿಂದ ಉಳಿ ಎಳೆದ. "ನೀವು ನೋಡಿರೋದು ಅಂಗಡೀಲಿ. ಮನೇಲಿ ಕೂದಲನ್ನ ಕಿವಿ ಹಿಂದಕ್ಕೆ ಸಿಕ್ಕಿಸ್ಕೊಳ್ಳೋಳು ಅವಳು."