ಅಮಾವಾಸ್ಯೆಯ ಅನ್ನ ಮತ್ತು ರಕೂನ್ ಹುಳು

ಅಮಾವಾಸ್ಯೆಯ ದಿನ ನಾನು ತರ್ಪಣ ಬಿಟ್ಟ ಮೇಲೆ ಕಾಗೆಗೆಂದು ತಾರಸಿಯಲ್ಲಿ ಎಳ್ಳು ಬೆರೆಸಿದ ಅನ್ನ ಇಡುವುದು ನನ್ನ ಹೆಂಡತಿಯ ಪದ್ಧತಿ. ಕುವೈತ್‌ನ ಸಲ್ವಾ ಬಡಾವಣೆಯ ಬಾಡಿಗೆ ಮನೆಗೂ ಅದು ನಮ್ಮೊಂದಿಗೆ ಬಂದಿತ್ತು. ಕತ್ತಲಾಗುವಷ್ಟರಲ್ಲಿ ಎಲೆ ಬರಿದಾಗುತ್ತಿತ್ತು. ಇಲ್ಲಿ ನಾನು ಕಾಗೆ ಕಂಡದ್ದೇ ಅಪರೂಪ. ಆದರೂ ಹಿರಿಯರು ಬಂದು ಉಂಡರೆಂದು ಮನೆಯವರು ನಂಬಿದ್ದರು. ನಾನು ನಂಬಿರಲಿಲ್ಲ, ವಿಚಾರಿಸುವ ಪ್ರಸಂಗವೂ ಬಂದಿರಲಿಲ್ಲ.

ಪ್ರಸಂಗ ತಂದದ್ದು ಮೊಮ್ಮಗಳ ನಾಯಿ. ಅದರ ಮಲದಲ್ಲಿ ಬಿಳಿಯ ಉದ್ದನೆಯ ಹುಳುಗಳು ಕಂಡವು. ಪಶುವೈದ್ಯರು ನಾಯಿಗಳಿಗೆ ಸಾಮಾನ್ಯವಾಗಿ ಬರುವ ದುಂಡುಹುಳುವೆಂದು ಮಾತ್ರೆ ಕೊಟ್ಟರು. ಕೆಲವು ವಾರಗಳಲ್ಲಿ ಹುಳು ಮತ್ತೆ ಕಾಣಿಸಿಕೊಂಡಿತು.

“ಮಾವ, ಮನೇಲಿ ತೆವಳೋ ಮಗು ಇದೆ. ರಿಸ್ಕ್ ಬೇಡ,” ಎಂದಳು ಸೊಸೆ. “ಶುಕ್ರವಾರ ನಾಯೀನ ಯಾರಿಗಾದ್ರೂ ಕೊಟ್ಬಿಡೋಣ. ಖಲಾಸ್.”

ಮೊಮ್ಮಗಳು ನನ್ನ ತೋಳು ಹಿಡಿದಳು. “ತಾತಾ, ಪ್ಲೀಸ್, ಡೂ ಸಂಥಿಂಗ್.”

ವೈದ್ಯರ ಮಾತು ನನಗೆ ಒಪ್ಪಿಗೆಯಾಗಿರಲಿಲ್ಲ. ಮಾತ್ರೆ ತಿಂದ ನಾಯಿಗೆ ಹುಳು ಮರಳಿದೆಯೆಂದರೆ ಅದು ಎಲ್ಲಿಂದಲೋ ಹೊಸದಾಗಿ ಬರುತ್ತಿರಬೇಕು. ನಾಯಿ ಪಟ್ಟಿಯಿಲ್ಲದೆ ತಿರುಗಾಡುತ್ತಿದ್ದದ್ದು ತಾರಸಿಯಲ್ಲಿ ಮಾತ್ರ. ಅದೇ ವಾರ ಅಮಾವಾಸ್ಯೆ ಬಂತು. ಅನ್ನ ಇಟ್ಟ ಮೇಲೆ ನಾನು ಮೆಟ್ಟಿಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತೆ.

ಹೊತ್ತು ಇಳಿದಾಗ ಪಕ್ಕದ ವಿಲ್ಲಾದ ಗೋಡೆಯಿಂದ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದಂಥ ಮುಖದ ಪ್ರಾಣಿಯೊಂದು ದಾಟಿ ಬಂತು. ಆ ಮನೆಯವರು ಮುದ್ದಿಗೆ ಸಾಕಿದ, ಅಮೆರಿಕದ ಕಾಡುಪ್ರಾಣಿ ರಕೂನ್. ಅನ್ನವನ್ನು ಮುಂಗಾಲುಗಳಲ್ಲಿ ಎತ್ತಿ ತಿಂದು, ನೀರಿನ ಟ್ಯಾಂಕಿನ ಹಿಂದೆ ಹೋಗಿ ಮಲ ಹಾಕಿತು. ಅಲ್ಲಿ ಹಳೆಯದರ ರಾಶಿಯೇ ಇತ್ತು. ನಾಯಿ ದಿನವೂ ಮೂಸಿ ನೆಕ್ಕುತ್ತಿದ್ದ ಮೂಲೆಯೂ ಅದೇ.

“ಚಾಚಾ, ಕುವೈತ್‌ನಲ್ಲಿ ರಕೂನಾ?” ಎಂದು ವೈದ್ಯರು ನಕ್ಕರು. ನಾನು ಮೊಬೈಲಿನಲ್ಲಿ ತೆಗೆದಿದ್ದ ಫೋಟೋ ನೋಡಿದ ಮೇಲೆ ನಾಯಿಯ ಮಲವನ್ನು ಮರುಪರೀಕ್ಷೆಗೆ ಕಳುಹಿಸಿದರು. ಅದು ರಕೂನಿನ ದುಂಡುಹುಳುವೇ ಆಗಿತ್ತು. ಅದರ ಮೊಟ್ಟೆ ಮನುಷ್ಯರ ಹೊಟ್ಟೆ ಸೇರಿದರೆ ಮರಿಹುಳು ಕಣ್ಣಿಗೂ ಮಿದುಳಿಗೂ ಹೋಗಬಲ್ಲದು. ಆದರೆ ಹೊಸ ಮಲದಲ್ಲಿರುವ ಮೊಟ್ಟೆ ಅಪಾಯದ ಸ್ಥಿತಿಗೆ ಬರಲು ವಾರಗಳು ಬೇಕು. ನಾಯಿಗೆ ಮಾತ್ರೆ ಕೊಟ್ಟು, ಅದರ ಮಲವನ್ನು ಅಂದಂದೇ ತೆಗೆದು, ಆ ಮೂಲೆಗೆ ಹೋಗದಂತೆ ತಡೆದರೆ ಸಾಕೆಂದರು.

ರಾಶಿಯನ್ನು ತೆಗೆಸಿ ಕುದಿಯುವ ನೀರು ಸುರಿದೆವು. ಫಿನಾಯಿಲ್‌ಗೆ ಆ ಮೊಟ್ಟೆ ಸಾಯುವುದಿಲ್ಲ. ಪಕ್ಕದ ಮನೆಯವರು ರಕೂನಿನ ಬೋನಿಗೆ ಬೀಗ ಹಾಕಿದರು.

“ನಾಯಿ ಇರ್ಲಿ, ಮಾವ,” ಎಂದಳು ಸೊಸೆ. “ಆದ್ರೆ ತಾರಸೀಲಿ ಅನ್ನ ಇಡೋದು ನಿಲ್ಬೇಕು.”

ಹೆಂಡತಿ ನನ್ನತ್ತ ತಿರುಗಿದಳು. “ಹಾಗಾದ್ರೆ, ರೀ, ನಮ್ಮತ್ತೆಗೆ ಅಂತ ಇಟ್ಟಿದ್ದನ್ನೆಲ್ಲ ಆ ಕಳ್ಳಮೋರೆದು ತಿಂತೇ?”

“ನಮ್ಮಮ್ಮ ಎಲೇಲಿ ಒಂದಗುಳೂ ಬಿಡದೆ ಉಂಡಿದ್ದನ್ನ ನಾನಂತೂ ನೋಡಿಲ್ಲ,” ಎಂದೆ.

ಅವಳು ನಗಲಿಲ್ಲ. ಮುಂದಿನ ಅಮಾವಾಸ್ಯೆಗೆ ಅನ್ನವನ್ನು ಅಡುಗೆಮನೆಯ ಕಿಟಕಿಯ ಹೊರಗಟ್ಟೆಯ ಮೇಲಿಟ್ಟಳು. ಸಂಜೆಯವರೆಗೂ ಯಾವ ಹಕ್ಕಿಯೂ ಬರಲಿಲ್ಲ. ಒಣಗಿದ ಅನ್ನವನ್ನು ಒಳಗೆ ತಂದು, ಬಾಗಿಲಲ್ಲಿ ಕಾಯುತ್ತಿದ್ದ ನಾಯಿಗೆ ಹಾಕಿದಳು.